ಹಸುವಿನ ಲೆಕ್ಕ ಕುದುರೆಗೆ ಬೇಡ

ಕುಣಿಗಲ್ ಕಡೆಯ ಒಂದು ಲಾಯ. ಫೆಬ್ರುವರಿಯ ಆ ಸಂಜೆ ಕಂದು ಕುದುರೆಯ ಮೊಲೆತುದಿಗಳಲ್ಲಿ ಜೇನುಮೇಣದಂಥ ಹಳದಿ ಹನಿಗಳು ಗಟ್ಟಿಯಾಗಿ ಕೂತಿದ್ದವು. ಗಬ್ಬ ಕಟ್ಟಿ 343 ದಿನ. ಕುದುರೆಗೆ ಸಾಮಾನ್ಯವಾಗಿ 340 ದಿನ ಅಂತೀವಿ, ಆದರೆ 320ರಿಂದ 365ರವರೆಗೆ ಯಾವತ್ತು ಮರಿ ಹಾಕಿದರೂ ಆಶ್ಚರ್ಯವಿಲ್ಲ. ಅದಕ್ಕೇ ಕ್ಯಾಲೆಂಡರಿಗಿಂತ ಕೆಚ್ಚಲನ್ನು ನಂಬಬೇಕು. ಮೂರು ವಾರದಿಂದ ಕೆಚ್ಚಲು ತುಂಬುತ್ತ ಬಂದಿತ್ತು. ಬಾಲದ ಬುಡದ ಎರಡೂ ಕಡೆ ಮಾಂಸ ಸಡಿಲಾಗಿ ಕೈಗೆ ಮೆತ್ತಗೆ ಸಿಗುತ್ತಿತ್ತು. ಎರಡು ಹನಿ ಹಾಲು ಹಿಂಡಿ ಹುಳಿ ಅಳೆಯುವ ಕಾಗದದ ಪಟ್ಟಿಗೆ ತಾಗಿಸಿದರೆ ಪಿಎಚ್ 6.4. ಎರಡು ದಿನದ ಹಿಂದೆ 7ರ ಮೇಲಿತ್ತು. ಅಷ್ಟು ಇಳಿದರೆ ಹೆಚ್ಚಾಗಿ 24 ಗಂಟೆಯೊಳಗೆ ಮರಿ.

ಲಾಯದ ಕೆಲಸಕ್ಕೆ ಬರುವವರು ಬಹುಪಾಲು ಹಸು ಈಯುವುದನ್ನು ನೋಡಿ ಬೆಳೆದವರು. ಕೈ ಪಳಗಿರುತ್ತದೆ, ಧೈರ್ಯವೂ ಇರುತ್ತದೆ. ಆದರೆ ಹಸುವಿಗೆ ಗಂಟೆ ಲೆಕ್ಕದಲ್ಲಿ ಕಾಯುವ ಕಡೆ ಕುದುರೆಗೆ ನಿಮಿಷ ಎಣಿಸಬೇಕು. ಮಾಸ ಅಂದರೆ ಒಳಗಿನ ಮರಿಗೆ ತಾಯಿಯಿಂದ ಉಸಿರು, ಆಹಾರ ಸಾಗಿಸುವ ಹೊದಿಕೆ. ಹಸುವಿನ ಮಾಸ ಗರ್ಭಕೋಶಕ್ಕೆ ಗುಂಡಿ ಹಾಕಿದಂತೆ ಅಲ್ಲಲ್ಲಿ ಬಿಗಿದಿರುತ್ತದೆ. ಕುದುರೆಯದು ಮಖಮಲ್ಲು ಹಾಸಿದ ಹಾಗೆ ಇಡೀ ಗರ್ಭಕೋಶಕ್ಕೆ ತೆಳುವಾಗಿ ಅಂಟಿರುತ್ತದೆ. ತಿಣುಕು ಜೋರಾದರೆ ಬೇಗ ಬಿಟ್ಟುಕೊಳ್ಳುತ್ತದೆ. ಬಿಟ್ಟರೆ ಒಳಗಿನ ಮರಿಗೆ ಉಸಿರಿಲ್ಲ.

ಹದಿನಾಲ್ಕು ಅಡಿ ಚೌಕದ ಕೋಣೆಗೆ ಒಣ ಭತ್ತದ ಹುಲ್ಲು ದಪ್ಪಗೆ ಹಾಸಿತ್ತು. ಮರದ ಹೊಟ್ಟು ಬೇಡ, ಒದ್ದೆ ಮರಿಯ ಮೂಗಿಗೆ ಮೆತ್ತಿಕೊಳ್ಳುತ್ತದೆ. ಬಾಲಕ್ಕೆ ಬಟ್ಟೆ ಸುತ್ತಿ, ಹಿಂಭಾಗ ತೊಳೆದು, ಎಲ್ಲರೂ ಹೊರಗೆ ಬಂದದ್ದಾಯಿತು. ಸುತ್ತ ಜನ ನಿಂತರೆ ಕುದುರೆ ಹೆರಿಗೆಯನ್ನು ಮುಂದಕ್ಕೆ ಹಾಕಬಲ್ಲದು.

ಹನ್ನೊಂದಕ್ಕೆ ಮೇವು ಬಿಟ್ಟಿತು. ಪಕ್ಕೆ ಬೆವರಿತು, ಮುಂಗಾಲಿನಿಂದ ಹುಲ್ಲು ಕೆದರಿತು, ಮಲಗಿತು, ಎದ್ದಿತು. ರಾತ್ರಿ 1.10ಕ್ಕೆ ನೀರು ಒಡೆಯಿತು. ಇಲ್ಲಿಂದ ಗಡಿಯಾರದ ಮೇಲೆ ಕಣ್ಣು. ಐದು ನಿಮಿಷದಲ್ಲಿ ಬೆಳ್ಳಗೆ ಹೊಳೆಯುವ ಪೊರೆ ಕಾಣಬೇಕು. ಅದರ ಬದಲು ಕೆಂಪು ಚೀಲ ಇಣುಕಿದರೆ ಮರಿಗಿಂತ ಮೊದಲು ಮಾಸವೇ ಕಿತ್ತು ಬರುತ್ತಿದೆ ಎಂದರ್ಥ. ಆಗ ವೈದ್ಯರಿಗೆ ಕಾಯುತ್ತ ಕೂರಬಾರದು. ಮೊಂಡು ತುದಿಯ ಕತ್ತರಿಯಲ್ಲಿ ಚೀಲ ಸೀಳಿ, ಕುದುರೆ ತಿಣುಕಿದ ಹಾಗೆಲ್ಲ ಮರಿಯನ್ನು ಎಳೆದುಕೊಳ್ಳಬೇಕು.

ಅಂದು ಬಂದದ್ದು ಬಿಳಿ ಪೊರೆಯೇ. ಒಳಗೆ ಒಂದು ಮುಂಗಾಲು, ಅದಕ್ಕಿಂತ ಗೇಣು ಹಿಂದೆ ಇನ್ನೊಂದು. ಹೀಗೆ ಹಿಂದುಮುಂದಾಗಿದ್ದರೇ ಹೆಗಲು ಕಿರಿದಾಗಿ ದಾಟುವುದು. ಎರಡೂ ಗೊರಸಿನ ಅಡಿ ತಾಯಿಯ ಹಿಮ್ಮಡಿಯ ಕಡೆಗೆ, ಮಂಡಿಯ ಮೇಲೆ ಮೂಗು. ಅಡಿ ಮೇಲ್ಮುಖವಾಗಿದ್ದರೆ ಅವು ಹಿಂಗಾಲು, ಇಲ್ಲವೇ ಮರಿ ಮಗುಚಿದೆ. ಒಂದೇ ಕಾಲು ಕಂಡರೆ, ಅಥವಾ ಕಾಲಿದ್ದು ಮೂಗು ಸಿಗದಿದ್ದರೆ, ಕುದುರೆಯನ್ನು ಎಬ್ಬಿಸಿ ನಡೆಸುತ್ತ ವೈದ್ಯರನ್ನು ಕರೆಸಬೇಕು. ನಡೆದರೆ ತಿಣುಕು ತಗ್ಗುತ್ತದೆ. ಹಗ್ಗ ಬಿಗಿದು ನಾಲ್ಕು ಜನ ಜಗ್ಗುವುದು ಮಾತ್ರ ಬೇಡವೇ ಬೇಡ. ನೀರು ಒಡೆದ ಅರ್ಧ ಗಂಟೆಯೊಳಗೆ ಮರಿ ಹೊರಗಿರಬೇಕು. 1.32ಕ್ಕೆ ಬಂತು.

ಗೊರಸಿನಡಿ ನೋಡಿದರೆ ಅಣಬೆಯ ಕೆಳಮೈಯಂತೆ ಪದರು ಪದರಾದ ಮೆತ್ತನೆಯ ಹಳದಿ ಎಳೆಗಳು. ಒದೆತಕ್ಕೆ ಗರ್ಭಕೋಶ ಹರಿಯದಂತೆ ಕಾಯುವ ಹೊದಿಕೆ ಅದು. ಮರಿ ನಾಲ್ಕು ಹೆಜ್ಜೆ ಓಡಾಡಿದರೆ ಸವೆದು ಹೋಗುತ್ತದೆ. ಹೊಕ್ಕುಳಬಳ್ಳಿಯನ್ನು ಕತ್ತರಿಸಬಾರದು. ತಾಯಿ ಎದ್ದಾಗಲೋ ಮರಿ ಒದ್ದಾಡಿದಾಗಲೋ ತಾನೇ ಹರಿಯುತ್ತದೆ. ಉಳಿದ ತುಂಡನ್ನು ಸೋಂಕು ತಡೆಯುವ ಶೇ. 0.5ರ ಕ್ಲೋರ್‌ಹೆಕ್ಸಿಡಿನ್ ದ್ರಾವಣದಲ್ಲಿ ಅದ್ದಿ, ಎರಡು ಮೂರು ದಿನ ಅದನ್ನೇ ಮುಂದುವರಿಸಬೇಕು. ಕಡು ಟಿಂಕ್ಚರ್ ಅಯೋಡಿನ್ ಚರ್ಮ ಸುಡುತ್ತದೆ.

ಮರಿ 2.20ಕ್ಕೆ ನಿಂತಿತು. ಗೋಡೆಯ ಮೂಲೆಯನ್ನು ಕೆಚ್ಚಲೆಂದು ಬಹಳ ಹೊತ್ತು ಹುಡುಕಿ, 3.05ಕ್ಕೆ ಮೊಲೆಗೆ ಬಾಯಿ ಹಾಕಿತು. ಒಂದು ಗಂಟೆಯಲ್ಲಿ ನಿಲ್ಲಬೇಕು, ಎರಡರೊಳಗೆ ಕುಡಿಯಬೇಕು, ಮೂರರೊಳಗೆ ಮಾಸ ಬೀಳಬೇಕು. ಮನೆಯಲ್ಲಿ ಹಸು ಈದರೆ ಗಿಣ್ಣು ಮಾಡಿ ನೆರೆಮನೆಗೂ ಕೊಡುತ್ತೇವೆ; ಕುದುರೆಯ ಗಿಣ್ಣುಹಾಲು ಅಷ್ಟೂ ಮರಿಗೇ ಬೇಕು. ರೋಗ ತಡೆಯುವ ಶಕ್ತಿ ಮರಿಗೆ ಸಿಗುವುದು ಅದರಿಂದಲೇ. ಮೊದಲ ಆರೆಂಟು ಗಂಟೆ ಕರುಳು ಅದನ್ನು ಚೆನ್ನಾಗಿ ಹೀರುತ್ತದೆ, 24 ಗಂಟೆ ಕಳೆದರೆ ಹೀರುವುದಿಲ್ಲ. ಹೆರಿಗೆಗೆ ಮೊದಲೇ ಹಾಲು ಧಾರೆಯಾಗಿ ಸೋರಿದ್ದರೆ ಗಿಣ್ಣು ಆಗಲೇ ನೆಲದ ಪಾಲಾಗಿರುತ್ತದೆ, ಬೇರೆ ಕುದುರೆಯದನ್ನು ತರಿಸಬೇಕು.

ನೇತಾಡುವ ಮಾಸವನ್ನು ಕುದುರೆ ತುಳಿಯದಂತೆ ಮೇಲಕ್ಕೆ ಗಂಟು ಹಾಕಿತ್ತು. ಎಳೆಯಬಾರದು, ಭಾರ ಕಟ್ಟಬಾರದು. ಹಸುವಿಗೆ ಅರ್ಧ ದಿನ ನೋಡುವುದುಂಟು. ಕುದುರೆಗೆ ಮೂರು ಗಂಟೆ ಮೀರಿದರೆ ವೈದ್ಯರು ಬೇಕು. ಒಳಗೆ ಕೊಳೆತರೆ ನಂಜು ಗೊರಸಿಗಿಳಿದು ಕುದುರೆ ನಿಲ್ಲಲಾರದ ಸ್ಥಿತಿಗೆ ಬರುತ್ತದೆ. 3.20ಕ್ಕೆ ಬಿತ್ತು. ನೆಲದ ಮೇಲೆ ಹರಡಿದರೆ ಷರಾಯಿಯ ಎರಡು ಕಾಲಿನ ಹಾಗೆ, ಒಂದು ದಪ್ಪ, ಒಂದು ಸಣ್ಣ. ಹರಿದು ಒಳಗುಳಿಯುವುದು ಹೆಚ್ಚಾಗಿ ಆ ಸಣ್ಣ ಕಾಲಿನ ತುದಿ. ನೀರು ತುಂಬಿಸಿ ನೋಡಿದಾಗ ಎರಡೂ ತುದಿ ಮುಚ್ಚಿದ್ದವು; ಇದ್ದದ್ದು ಮರಿ ಬಂದ ತೂತು ಮಾತ್ರ.

ಬೆಳಿಗ್ಗೆ ಮರಿ ಕಪ್ಪು ಮೊದಲ ಮಲ ಹಾಕಿತು. ರಾತ್ರಿ ಒಂಬತ್ತಕ್ಕೆ ರಕ್ತ ತೆಗೆದು ಐಜಿಜಿ, ಅಂದರೆ ಗಿಣ್ಣುಹಾಲಿನಿಂದ ಬಂದ ರೋಗ ತಡೆಯುವ ಪ್ರತಿಕಾಯ ಎಷ್ಟಿದೆ ಎಂದು ನೋಡಿದ್ದಾಯಿತು. ಡೆಸಿಲೀಟರಿಗೆ 800 ಮಿಲಿಗ್ರಾಂ ಮೀರಿರಬೇಕು, ಕಡಿಮೆಯಿದ್ದರೆ ಪ್ಲಾಸ್ಮಾ (ರಕ್ತದ ದ್ರವಭಾಗ) ಕೊಡಬೇಕಾಗುತ್ತದೆ. ಮೀರಿತ್ತು.