ಮಾರಿದರೂ ಕೈಬಿಡದ ಸರಕು

ಶನಿವಾರ ರಾತ್ರಿ ಊಟವಾದ ಮೇಲೆ ನಾವು ಆರು ಜನ ಫ್ರೀಸಿವ್ ಎಂಬ ಕಂಪ್ಯೂಟರ್ ಆಟ ಆಡಲು ಕೂಡುತ್ತೇವೆ. ಧಾರವಾಡದಲ್ಲಿ ನಾನು ಮತ್ತು ನನ್ನ ಸೋದರಳಿಯ, ಹುಬ್ಬಳ್ಳಿಯಲ್ಲಿ ಇಬ್ಬರು ಗೆಳೆಯರು, ಗದಗಿನಲ್ಲಿ ಇತಿಹಾಸ ಕಲಿಸುವ ಒಬ್ಬ ಮಾಸ್ತರರು, ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ನಡೆಸುವ ಒಬ್ಬ ಸ್ನೇಹಿತ. ಸರ್ವರ್ ನಮ್ಮ ಮನೆಯ ಹಳೆಯ ಕಂಪ್ಯೂಟರಿನಲ್ಲಿದೆ. ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ಮೂವರು ವಿದ್ಯಾರ್ಥಿಗಳು 1995ರ ಕೊನೆಯಲ್ಲಿ ಬರೆಯಲಾರಂಭಿಸಿ 1996ರ ಜನವರಿಯಲ್ಲಿ ಹೊರತಂದ ಈ ಆಟ ಇಂದಿಗೂ ಉಚಿತವಾಗಿ ಸಿಗುತ್ತದೆ. ಅದಕ್ಕಿಂತ ದೊಡ್ಡ ಅನುಕೂಲವೆಂದರೆ ಇದರ ನಿಯಮಗಳೆಲ್ಲ ಸಾಮಾನ್ಯ ಪಠ್ಯ ಕಡತಗಳಲ್ಲಿರುವುದರಿಂದ ಆಡುವವರೇ ಅವುಗಳನ್ನು ತಿದ್ದಿಕೊಳ್ಳಬಹುದು. ಕ್ರಿಸ್ತಪೂರ್ವ 4000ದಲ್ಲಿ ಬೆರಳೆಣಿಕೆಯ ವಲಸೆಗಾರರೊಂದಿಗೆ ಆರಂಭವಾಗುವ ಆಟದಲ್ಲಿ ಊರು ಕಟ್ಟಬೇಕು, ಹೊಲ ಮಾಡಬೇಕು, ರಸ್ತೆ ಹಾಕಬೇಕು, ಒಂದೊಂದಾಗಿ ವಿದ್ಯೆಗಳನ್ನು ಕಲಿಯುತ್ತ ಹೋಗಬೇಕು. ಹಳೆಯ ನಿಯಮಾವಳಿಯಲ್ಲಿ ಇಂಥ 87 ವಿದ್ಯೆಗಳಿವೆ.

ನಮ್ಮ ಎರಡನೆಯ ಆಟ ಅರ್ಧಕ್ಕೇ ನಿಂತುಹೋಯಿತು. ಹುಬ್ಬಳ್ಳಿಯ ಇಬ್ಬರು ಗೆಳೆಯರು ಮತ್ತು ನಾನು ಆರಂಭದಲ್ಲಿಯೇ ಒಂದಾಗಿ, ಕಂಚಿನ ಕೆಲಸವನ್ನು ಒಬ್ಬ, ಅಕ್ಷರಮಾಲೆಯನ್ನು ಇನ್ನೊಬ್ಬ, ಕುಂಬಾರಿಕೆಯನ್ನು ಮತ್ತೊಬ್ಬ ಕಲಿಯುವುದೆಂದು ಹಂಚಿಕೊಂಡು, ಕಲಿತ ಕೂಡಲೇ ಒಪ್ಪಂದದ ಕಿಟಕಿಯನ್ನು ತೆರೆದು ಪರಸ್ಪರ ಬದಲಾಯಿಸಿಕೊಂಡೆವು. ಒಬ್ಬ ಒಂಟಿಯಾಗಿ ಒಂದು ವಿದ್ಯೆ ಕಲಿಯುವಷ್ಟು ಹೊತ್ತಿನಲ್ಲಿ ನಮ್ಮ ಮೂವರ ಬಳಿಯೂ ಮೂರು ಮೂರು ವಿದ್ಯೆಗಳಿದ್ದವು. ಹೀಗೆ ಗಳಿಸಿದ ಮುಂದಡಿಯಿಂದ ಗ್ರಂಥಾಲಯಗಳು ಬೇಗ ಬಂದವು, ಗ್ರಂಥಾಲಯಗಳಿಂದ ಮುಂದಿನ ವಿದ್ಯೆಗಳು ಇನ್ನೂ ಬೇಗ ಬಂದವು. ಬ್ಯಾಡಗಿಯ ಸ್ನೇಹಿತ ಈಟಿ ಹಿಡಿದ ಕಾಲಾಳುಗಳೊಂದಿಗೆ ತನ್ನ ಊರುಗಳನ್ನು ಕಾಯುತ್ತಿದ್ದಾಗ ಹುಬ್ಬಳ್ಳಿಯವರ ಕೋವಿಯ ಪಡೆ ಅವನ ಗಡಿಗೆ ಬಂದು ನಿಂತಿತ್ತು. ಆ ರಾತ್ರಿ ಅವನು ಆಟವನ್ನು ನಿಲ್ಲಿಸಿ ಫೋನ್ ಮಾಡಿ ಹೇಳಿದ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ: "ಅಣ್ಣಾರ, ನಾ ಮೆಣಸಿನಕಾಯಿ ಮಾರಿದ್ರ ನನ್ನ ಚೀಲ ಖಾಲಿ ಆಗ್ತೈತ್ರಿ. ನೀವು ವಿದ್ಯಾ ಮಾರತೀರಿ, ನಿಮ್ಮ ಚೀಲ ತುಂಬೇ ಇರ್ತೈತಿ. ಇದಕ್ಕ ವ್ಯಾಪಾರ ಅಂತ ಹೆಂಗ ಅನ್ನೂದ್ರಿ?"

ಅವನ ಪ್ರಶ್ನೆಯಲ್ಲಿ ಇಡೀ ಸಮಸ್ಯೆ ಅಡಗಿದೆ. ಧಾನ್ಯ, ಚಿನ್ನ, ಕುದುರೆ, ಇವುಗಳಲ್ಲಿ ಯಾವುದನ್ನು ಕೊಟ್ಟರೂ ಕೊಟ್ಟವನ ಬಳಿ ಅಷ್ಟು ಕಡಿಮೆಯಾಗುತ್ತದೆ. ಆದ್ದರಿಂದ ಕೊಡುವವನು ತನಗೆ ಎಷ್ಟು ಬೇಕು, ಎದುರಿನವನಿಗೆ ಎಷ್ಟು ಬೇಕು ಎಂದು ತೂಗಿ ನೋಡುತ್ತಾನೆ, ಬೆಲೆ ಹುಟ್ಟುವುದು ಆ ತೂಗುವಿಕೆಯಲ್ಲಿಯೇ. ವಿದ್ಯೆಯನ್ನು ಮಾತ್ರ ಎಷ್ಟು ಜನರಿಗೆ ಕೊಟ್ಟರೂ ಕೊಟ್ಟವನ ಬಳಿ ಅದು ಪೂರ್ತಿಯಾಗಿ ಉಳಿಯುತ್ತದೆ. ಶಾಲೆಯಲ್ಲಿ ಇದು ವಿದ್ಯೆಯ ಮಹಿಮೆ, ಆದರೆ ಆರು ಜನ ಸ್ಪರ್ಧಿಸುವ ಆಟದಲ್ಲಿ ಇದು ತಕ್ಕಡಿಯನ್ನೇ ಮುರಿದುಹಾಕುತ್ತದೆ. ಖರ್ಚಿಲ್ಲದೆ ಕೊಡಬಹುದಾದ ಸರಕನ್ನು ಗೆಳೆಯರು ಗೆಳೆಯರಿಗೆ ಕೊಡುತ್ತಲೇ ಇರುತ್ತಾರೆ, ಗುಂಪಿನ ಹೊರಗೆ ಉಳಿದವನಿಗೆ ಯಾವ ಜಾಣತನದಿಂದಲೂ ಆ ಅಂತರವನ್ನು ತುಂಬಿಸಲಾಗುವುದಿಲ್ಲ.

ಮೂರನೆಯ ಆಟಕ್ಕೆ ಮುಂಚೆ ನನ್ನ ಅಳಿಯ ಸರ್ವರಿನಲ್ಲಿ ವಿದ್ಯೆಯ ವಿನಿಮಯವನ್ನೇ ನಿಲ್ಲಿಸಿದ. ಅದಕ್ಕೊಂದು ಸೆಟ್ಟಿಂಗ್ ಇದೆ, ಒಂದೇ ಸಾಲಿನ ಕೆಲಸ. ನ್ಯಾಯ ಸಿಕ್ಕಿತೆಂದು ಎಲ್ಲರಿಗೂ ಸಮಾಧಾನವಾಯಿತು, ಆದರೆ ಆ ಆಟ ಬೇರೆ ರೀತಿಯಲ್ಲಿ ಕೆಟ್ಟಿತು.

ಇದು ಅರ್ಥವಾಗಬೇಕಾದರೆ ಫ್ರೀಸಿವ್‌ನಲ್ಲಿ ವಿದ್ಯೆ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ತಿಳಿಯಬೇಕು. ಪ್ರತಿ ಊರಿನ ಸುತ್ತಲಿನ ನೆಲದಿಂದ ಆಹಾರ, ಉತ್ಪಾದನೆ, ವ್ಯಾಪಾರ ಎಂಬ ಮೂರು ಬಗೆಯ ಆದಾಯ ಬರುತ್ತದೆ. ಇದರಲ್ಲಿ ವ್ಯಾಪಾರದ ಪಾಲನ್ನು ಆಳುವವನು ತೆರಿಗೆ, ಸುಖಭೋಗ, ವಿಜ್ಞಾನ ಎಂದು ಶೇಕಡಾವಾರು ಹಂಚುತ್ತಾನೆ, ಹಾಗೆ ಹಂಚಿದ ವಿಜ್ಞಾನದ ಪಾಲನ್ನು ಆಟದಲ್ಲಿ ಬಲ್ಬು ಎಂದು ಎಣಿಸುತ್ತಾರೆ. ಅಂದರೆ ವ್ಯಾಪಾರವೇ ಕೆರೆ, ಈ ಮೂರೂ ಅದರಿಂದ ಹೊರಟ ಕಾಲುವೆಗಳು, ತೂಬನ್ನು ಎತ್ತ ತಿರುಗಿಸುತ್ತೀರಿ ಎಂಬುದಷ್ಟೇ ನಿಮ್ಮ ಕೈಯಲ್ಲಿದೆ. ನಿರಂಕುಶ ಆಡಳಿತದಲ್ಲಿ ಯಾವುದೇ ಒಂದು ಕಾಲುವೆಗೆ 60ಕ್ಕಿಂತ ಹೆಚ್ಚು ಶೇಕಡಾ ಬಿಡುವಂತಿಲ್ಲ, ಗಣರಾಜ್ಯದಲ್ಲಿ 80ರವರೆಗೆ ಬಿಡಬಹುದು. ನಕ್ಷೆಯ ಒಂದು ಚೌಕ ಸಮುದ್ರ ಏನೂ ಮಾಡದೆಯೇ 2 ವ್ಯಾಪಾರ ಕೊಡುತ್ತದೆ, ಆದರೆ ಬಯಲು ನೆಲದ ಚೌಕಕ್ಕೆ ರಸ್ತೆ ಹಾಕಿದ ಮೇಲಷ್ಟೇ 1 ಬರುತ್ತದೆ. ಗದಗಿನ ಮಾಸ್ತರರಿಗೆ ಆ ಸಲ ನಕ್ಷೆಯಲ್ಲಿ ಉದ್ದನೆಯ ಕರಾವಳಿ ಸಿಕ್ಕಿತ್ತು. ಗಣರಾಜ್ಯವಾದ ಕೂಡಲೇ, ವ್ಯಾಪಾರವಿರುವ ಪ್ರತಿ ಚೌಕಕ್ಕೂ ಇನ್ನೊಂದು ಸೇರಿ, ಅವರ ಸಮುದ್ರದ ಚೌಕಗಳು ಮೂರರಂತೆ ಕೊಡತೊಡಗಿದವು. ಒಳನಾಡಿನಲ್ಲಿ ಸಿಕ್ಕಿಕೊಂಡಿದ್ದ ನಾವು ಐವರಲ್ಲಿ ಯಾರೂ ಅವರನ್ನು ಮುಟ್ಟಲಾಗಲಿಲ್ಲ. ವಿನಿಮಯವಿದ್ದಾಗ ಗುಂಪು ಗೆಲ್ಲುತ್ತಿತ್ತು, ಈಗ ಭೂಗೋಳ ಗೆದ್ದಿತು. ನನಗೆ ಹೆಚ್ಚು ಬೇಸರವಾದದ್ದು ಇನ್ನೊಂದು ಕಾರಣಕ್ಕೆ: ಕೊಡುವುದಕ್ಕೂ ಕೇಳುವುದಕ್ಕೂ ಏನೂ ಉಳಿಯದೆ, ಆರು ಜನ ಆರು ಕೋಣೆಗಳಲ್ಲಿ ಕುಳಿತು ಆಡುವ ಒಂಟಿ ಆಟವಾಗಿ ಅದು ಮುಗಿಯಿತು.

ಈ ಗಂಟನ್ನು ಬಿಡಿಸಲು ದೊಡ್ಡ ಆಟಗಳನ್ನು ರಚಿಸಿದವರೂ ಹೆಣಗಿದ್ದಾರೆ. ಸಿವಿಲೈಸೇಶನ್ ಎಂಬ ಇಂಥದೇ ಆಟದ ಸರಣಿಯಲ್ಲಿ ನಾಲ್ಕನೆಯ ಆವೃತ್ತಿಯ ವಿಸ್ತರಣೆಯಾಗಿ 2007ರಲ್ಲಿ ಬಂದ ಬಿಯಾಂಡ್ ದ ಸ್ವೋರ್ಡ್‌ನಲ್ಲಿ, ತಾನೇ ಸಂಶೋಧಿಸಿದ ವಿದ್ಯೆಯನ್ನು ಮಾತ್ರ ಕೊಡಬಹುದು, ಇನ್ನೊಬ್ಬರಿಂದ ಪಡೆದದ್ದನ್ನು ಮರುಮಾರಾಟ ಮಾಡುವಂತಿಲ್ಲ ಎಂಬ ಆಯ್ಕೆ ಬಂದಿತು. 2010ರ ಐದನೆಯ ಆವೃತ್ತಿಯಲ್ಲಿ ವಿನಿಮಯವನ್ನು ತೆಗೆದುಹಾಕಿ, ಇಬ್ಬರೂ ಹಣ ಹಾಕಿ ಕೂಡಿ ಸಂಶೋಧಿಸುವ ಒಪ್ಪಂದವನ್ನು ತಂದರು. ಅದೇ ಆಟದ 2013ರ ವಿಸ್ತರಣೆಯಲ್ಲಿ ವ್ಯಾಪಾರ ಮಾರ್ಗಗಳು ಬಂದವು. ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವ ಸರಕಿನ ಜೊತೆಗೆ, ಎದುರಿನ ರಾಜ್ಯಕ್ಕೆ ಗೊತ್ತಿದ್ದು ತನಗೆ ಗೊತ್ತಿಲ್ಲದ ವಿದ್ಯೆಗಳು ಎಷ್ಟಿವೆಯೋ ಅದಕ್ಕೆ ತಕ್ಕಷ್ಟು ವಿಜ್ಞಾನವೂ ಹರಿದುಬರುವ ವ್ಯವಸ್ಥೆಯದು. ಮೂರರಲ್ಲಿ ನನಗೆ ಒಪ್ಪಿಗೆಯಾಗುವುದು ಕೊನೆಯದು, ಏಕೆಂದರೆ ಅಲ್ಲಿ ವಿದ್ಯೆ ವ್ಯಾಪಾರದ ಬೆನ್ನೇರಿ, ದಾರಿ ಸವೆಸಿಕೊಂಡು, ನಿಧಾನವಾಗಿ ಬರುತ್ತದೆ. ಚರಿತ್ರೆಯಲ್ಲಿಯೂ ಅದು ಬಂದದ್ದು ಹಾಗೆಯೇ ಎಂಬುದಕ್ಕೆ ಧಾರವಾಡದವರು ದೂರ ಹೋಗಬೇಕಾಗಿಲ್ಲ.

1840ರ ದಶಕದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಹತ್ತಿಯ ಬೀಜ ನಮ್ಮ ಎರೆ ಭೂಮಿಗೆ ಬಂದು, ಇಲ್ಲಿಯ ಹವೆಗೆ ಒಗ್ಗಿಕೊಂಡು, ಮಾರುಕಟ್ಟೆಯಲ್ಲಿ ಧಾರವಾಡ ಅಮೆರಿಕನ್ ಎಂದೇ ಹೆಸರಾಯಿತು. ಆದರೆ ಬೀಜ ಬಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಈ ತಳಿಯ ಅರಳೆ ಬೀಜಕ್ಕೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಎರಡು ಉರುಳೆಗಳ ನಡುವೆ ಹತ್ತಿಯನ್ನು ತೂರಿಸಿ ಬೀಜ ಬೇರ್ಪಡಿಸುವ ದೇಶೀ ಸಾಧನದಿಂದ ಅದು ಸರಿಯಾಗಿ ಬಿಡುತ್ತಿರಲಿಲ್ಲವಾದ್ದರಿಂದ ಗರಗಸದ ಹಲ್ಲಿನ ಜಿನ್ ಯಂತ್ರಗಳು ಬೇಕಾದವು, ಆ ಯಂತ್ರಗಳನ್ನು ಮಾಡಲು ಮತ್ತು ರಿಪೇರಿ ಮಾಡಲು ಧಾರವಾಡದಲ್ಲಿ ಸರ್ಕಾರವೇ ಒಂದು ಕಾರ್ಖಾನೆಯನ್ನು ನಡೆಸಬೇಕಾಯಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ ಬೆಲೆ ಆಕಾಶಕ್ಕೇರಿತು, ನಮ್ಮ ಕಡೆಯ ಗಾಡಿಗಳು ಅಂಡಿಗೆ ಹೇರಿಕೊಂಡು ಘಟ್ಟ ಇಳಿದು ಕುಮಟೆಯ ಬಂದರಿನತ್ತ ಸಾಲುಗಟ್ಟಿದವು. ಅವಸರದಲ್ಲಿ ಹಲ್ಲು ಮೊಂಡಾದ ಜಿನ್ನುಗಳಿಂದ ಎಳೆ ತುಂಡಾಯಿತು, ಬೆರಕೆಯೂ ಹೆಚ್ಚಿತು. ಹತ್ತಿಯ ಬೆರಕೆಯನ್ನು ತಡೆಯಲೆಂದೇ ಮುಂಬಯಿ ಪ್ರಾಂತದಲ್ಲಿ 1863ರಲ್ಲಿ ಒಂದು ಕಾಯಿದೆ ಬಂದಿತು. ವ್ಯಾಪಾರ ಯಂತ್ರವನ್ನು ತಂದುಕೊಡಬಲ್ಲುದು, ಆದರೆ ಅದರ ಹಲ್ಲನ್ನು ಮಸೆಯುವ ಕೈ ಊರಿನಲ್ಲಿ ತಯಾರಾಗದಿದ್ದರೆ ಆ ಯಂತ್ರವೇ ಸರಕನ್ನು ಕೆಡಿಸುತ್ತದೆ. ಒಪ್ಪಂದದ ಕಿಟಕಿಯಲ್ಲಿ ಒಂದು ಗುಂಡಿ ಒತ್ತಿದರೆ ಇಡೀ ವಿದ್ಯೆ ಇನ್ನೊಬ್ಬನದಾಗುವ ನಿಯಮ ನನಗೆ ಒಪ್ಪಿಗೆಯಾಗದಿರುವುದು ಇದಕ್ಕಾಗಿಯೇ.

ಈ ಮಾತಿಗೆ ಗದಗಿನ ಮಾಸ್ತರರು ಲಕ್ಕುಂಡಿಯನ್ನು ಸೇರಿಸಿದರು. ಐಹೊಳೆ, ಪಟ್ಟದಕಲ್ಲುಗಳ ಮರಳುಗಲ್ಲನ್ನು ಬಿಟ್ಟು ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಬಳಪದ ಕಲ್ಲಿಗೆ ಕೈಹಾಕಿದ್ದರಿಂದ ಕೆತ್ತನೆ ಎಷ್ಟು ನವಿರಾಯಿತೆಂಬುದನ್ನು ಅಲ್ಲಿಯ ಕಾಶಿ ವಿಶ್ವನಾಥ ಗುಡಿಯ ಬಾಗಿಲವಾಡದಲ್ಲಿ ಬೆರಳಿಟ್ಟು ನೋಡಬಹುದು. ಅದೇ ಲಕ್ಕುಂಡಿಯಲ್ಲಿ ಟಂಕಸಾಲೆಯೂ ಇತ್ತು, ಲೊಕ್ಕಿ ಗದ್ಯಾಣವೆಂಬ ನಾಣ್ಯಕ್ಕೆ ಊರಿನ ಹೆಸರೇ ನಿಂತಿತು. ವ್ಯಾಪಾರದ ಉಪಕರಣವಾದ ನಾಣ್ಯವೇ ಒಂದು ಕುಶಲ ವಿದ್ಯೆಯ ಫಲವಾಗಿರುವಾಗ ಯಾವುದು ಮೊದಲು, ಯಾವುದು ನಂತರ ಎಂದು ಗೆರೆ ಎಳೆಯುವುದು ಕಷ್ಟ ಎಂಬುದು ಅವರ ವಾದವಾಗಿತ್ತು.

ಹೀಗೆಲ್ಲ ಮಾತಾಡಿಕೊಂಡು ನಾಲ್ಕನೆಯ ಆಟಕ್ಕೆ ಸಿವ್2ಸಿವ್3 ಎಂಬ ನಿಯಮಾವಳಿಯನ್ನು ಆಯ್ದು, ಅದನ್ನೂ ಅಲ್ಪಸ್ವಲ್ಪ ತಿದ್ದಿದೆವು. ಒಪ್ಪಂದದಿಂದ ವಿದ್ಯೆ ಪಡೆಯಬಹುದು, ಆದರೆ ಪಡೆದವನು ಅದರ ಸಂಶೋಧನಾ ವೆಚ್ಚದ ಶೇಕಡಾ 40ರಷ್ಟು ಬಲ್ಬುಗಳನ್ನು ಕಳೆದುಕೊಳ್ಳುತ್ತಾನೆ. ಇದನ್ನು ಹೊಸ ಯಂತ್ರಕ್ಕೆ ಕೈ ಪಳಗಿಸಿಕೊಳ್ಳುವ ಖರ್ಚೆಂದು ತಿಳಿಯಬಹುದು. ಇನ್ನೊಂದು ದಾರಿ ಸೋರಿಕೆಯದು. ಯಾವ ರಾಜ್ಯಗಳಲ್ಲಿ ನಮ್ಮ ರಾಯಭಾರ ಕಚೇರಿ ಇದೆಯೋ ಆ ರಾಜ್ಯಗಳಿಗೆ ಗೊತ್ತಿರುವ ವಿದ್ಯೆ ನಮಗೆ ಅಗ್ಗವಾಗುತ್ತದೆ, ಅಂಥ ರಾಜ್ಯಗಳು ಹೆಚ್ಚಿದಷ್ಟೂ ವೆಚ್ಚ ಇಳಿಯುತ್ತದೆ. ಇದಕ್ಕೆ ನನ್ನ ಅಳಿಯ ಒಂದು ಷರತ್ತು ಹಾಕಿದ: ಬರವಣಿಗೆ ತಿಳಿಯದ ರಾಜ್ಯಕ್ಕೆ ಸೋರಿಕೆಯ ಲಾಭವಿಲ್ಲ, ಸಾಕ್ಷರತೆ ಬಂದ ಮೇಲೆ ಅದು ದುಪ್ಪಟ್ಟು. "ಮಾಮಾ, ಓದಾಕ ಬರಲಿಲ್ಲಂದ್ರ ಮಂದಿ ಪುಸ್ತಕ ಕೊಟ್ಟು ಏನ್ ಮಾಡ್ತಾರು?" ಎಂದು ಅವನು ಕೇಳಿದಾಗ ಯಾರೂ ಎದುರಾಡಲಿಲ್ಲ.

ಒಳನಾಡಿನವರ ಕೊರತೆಯನ್ನು ತುಂಬಲು ಉಳಿದದ್ದು ಕ್ಯಾರವಾನ್, ಅಂದರೆ ಊರಿಂದೂರಿಗೆ ಸರಕು ಹೊತ್ತೊಯ್ಯುವ ಒಂಟೆಗಳ ಸಾಲು. ಒಂದು ಊರಿನಿಂದ ಹೊರಟ ಕ್ಯಾರವಾನ್ ದೂರದ ಊರನ್ನು ತಲುಪಿದಾಗ ಒಮ್ಮೆಗೇ ಒಂದು ಮೊತ್ತ ಸಿಗುತ್ತದೆ, ಆಮೇಲೆ ಎರಡೂ ಊರುಗಳಿಗೆ ಪ್ರತಿ ಸರದಿಯಲ್ಲಿಯೂ ವ್ಯಾಪಾರ ಬರುತ್ತಿರುತ್ತದೆ. ತೀರ ಹತ್ತಿರದ ಊರುಗಳ ನಡುವೆ ಮಾರ್ಗ ಕಟ್ಟಲಾಗದಂತೆ ಸರ್ವರಿನಲ್ಲಿ ಕನಿಷ್ಠ ಅಂತರದ ಮಿತಿಯಿದೆ, ಮೂಲದಲ್ಲಿ ಅದು 9 ಚೌಕ, ನಾವೂ ಹಾಗೆಯೇ ಇಟ್ಟುಕೊಂಡಿದ್ದೇವೆ. ಪರರಾಜ್ಯದ ಊರಾದರೆ ಲಾಭ ಹೆಚ್ಚು, ಆದ್ದರಿಂದ ನೆರೆಯವನೊಡನೆ ಶಾಂತಿ ಇರಲೇಬೇಕು.

ಬ್ಯಾಡಗಿಯ ಸ್ನೇಹಿತ ಈ ಸಲ ಸೈನ್ಯಕ್ಕೆ ಮುಂಚೆ ರಸ್ತೆ ಹಾಕಿದ. ಬಯಲಿನಲ್ಲಿ ರಸ್ತೆಯಿಲ್ಲದೆ ಹನ್ನೆರಡು ಸರದಿ ಹಿಡಿಯುವ ದಾರಿ ರಸ್ತೆಯಿದ್ದರೆ ನಾಲ್ಕೇ ಸರದಿಗೆ ಮುಗಿಯುತ್ತದೆ. ಹೋದ ಶನಿವಾರ ಅವನ ಒಂಟೆಯ ಪುಟ್ಟ ಚಿತ್ರ ನನ್ನ ಗಡಿಯನ್ನು ದಾಟಿ, ನನ್ನ ಎರಡು ಊರುಗಳ ನಡುವೆ ಹಾದು, ಗದಗಿನ ಮಾಸ್ತರರ ಬಂದರಿನತ್ತ ಸಾಗುವುದನ್ನು ನಾನು ಮೂರು ಸರದಿಗಳ ಕಾಲ ನೋಡುತ್ತಿದ್ದೆ. ಹಿಡಿದು ಮುಗಿಸಬಹುದಿತ್ತು, ಕುದುರೆ ಸವಾರರು ಪಕ್ಕದಲ್ಲಿಯೇ ಇದ್ದರು. ಆದರೆ ನನ್ನ ರಾಯಭಾರ ಕಚೇರಿ ಅವನ ರಾಜಧಾನಿಯಲ್ಲಿದೆ, ಅವನು ಕಲಿತದ್ದು ನನಗೂ ಅಗ್ಗವಾಗುತ್ತದೆ. ನಾಲ್ಕನೆಯ ಸರದಿಯಲ್ಲಿ ಒಂಟೆ ಊರಬಾಗಿಲನ್ನು ಹೊಕ್ಕಿತು, ಕ್ಯಾರವಾನಿನ ಗಳಿಕೆ ಜಮೆಯಾಯಿತೆಂಬ ಸಾಲು ಅವನ ಪರದೆಯ ಮೇಲೆ ಮೂಡಿತು. ಮಾಸ್ತರರು ಅವನಿಗೆ ಕೂಡಲೇ ಬರೆದರು: "ಇನ್ನೊಂದು ಹೇರು ಕಳಸ್ರಿ."

ಒಂದು ತೊಡಕು ಮಾತ್ರ ಉಳಿದಿದೆ. ಹುಬ್ಬಳ್ಳಿಯ ಗೆಳೆಯರಲ್ಲಿ ಒಬ್ಬ ಎಲ್ಲರ ಊರಲ್ಲಿಯೂ ರಾಯಭಾರ ಕಚೇರಿ ತೆರೆದು, ತಾನು ಮೊದಲು ಏನನ್ನೂ ಸಂಶೋಧಿಸದೆ, ಉಳಿದವರು ಕಲಿತು ಅಗ್ಗವಾಗುವವರೆಗೆ ಕಾದು, ತೂಬನ್ನು ಆದಷ್ಟೂ ತೆರಿಗೆಯತ್ತ ತಿರುಗಿಸಿ ಹಣ ಕೂಡಿಡುತ್ತಿದ್ದಾನೆ. ನಿಯಮದ ಒಳಗೇ ಇದ್ದಾನೆ, ಚೆನ್ನಾಗಿಯೂ ಆಡುತ್ತಿದ್ದಾನೆ. ಸೋರಿಕೆಯ ಪ್ರಮಾಣವನ್ನು ಇಳಿಸಿದರೆ ಬ್ಯಾಡಗಿಯವನಿಗೆ ಪೆಟ್ಟು ಬೀಳುತ್ತದೆ, ಇಳಿಸದಿದ್ದರೆ ಮೊದಲು ಕಲಿಯುವವನಿಗೆ ಉತ್ಸಾಹ ಉಳಿಯುವುದಿಲ್ಲ. ರಾಯಭಾರ ಕಚೇರಿಯನ್ನು ಬಿಟ್ಟು ಕ್ಯಾರವಾನ್ ಮಾರ್ಗ ಇರುವ ರಾಜ್ಯದಿಂದ ಮಾತ್ರ ಸೋರಿಕೆ ಬರುವಂತೆ ಬರೆಯಲು ಸಾಧ್ಯವೇ ಎಂದು ನನ್ನ ಅಳಿಯ ಈಗ ನಿಯಮದ ಕಡತವನ್ನು ಮುಂದಿಟ್ಟುಕೊಂಡು ಕುಳಿತಿದ್ದಾನೆ.