ಅದು ಬರೀ ಕಿರುಚಾಟ ಅಲ್ವಾ?

ರೇಜ್ ಅಗೇನ್‌ಸ್ಟ್ ದ ಮಷೀನ್ ಅನ್ನೋ ಅಮೆರಿಕದ ರಾಕ್ ಬ್ಯಾಂಡ್ ಅಂದರೆ ನನಗೆ ಪ್ರಾಣ ಅಂತ ಹೇಳಿದ ಕೂಡಲೇ ಎಲ್ಲರೂ ಕೇಳುವುದು ಇದನ್ನೇ: "ಅದು ಬರೀ ಕಿರುಚಾಟ ಅಲ್ವಾ? ಅದರಲ್ಲಿ ಕೇಳೋಕೆ ಏನಿದೆ?"

ಕಿರುಚಾಟ ಇದೆ, ಇಲ್ಲ ಅನ್ನಲ್ಲ. ಆದರೆ 1992ರ ನವೆಂಬರಿನಲ್ಲಿ ಬ್ಯಾಂಡಿನದೇ ಹೆಸರು ಹೊತ್ತು ಬಂದ ಆ ಮೊದಲ ಆಲ್ಬಂನಲ್ಲಿ ನನಗೆ ಜಾಸ್ತಿ ಹಿಡಿಸುವುದು ಅವರು ಸುಮ್ಮನಿರುವ ಜಾಗಗಳು. 'ಬುಲೆಟ್ ಇನ್ ದ ಹೆಡ್' ಕೇಳಿ. ಬಹಳ ಹೊತ್ತು ಟಿಮ್ ಕಾಮರ್‌ಫೋರ್ಡ್‌ನ ಬೇಸ್, ಬ್ರಾಡ್ ವಿಲ್ಕ್‌ನ ಡ್ರಮ್ಸ್, ಇವೆರಡೇ ಹಾಡನ್ನು ನಡೆಸುತ್ತವೆ. ಗಿಟಾರ್ ಆಗೊಮ್ಮೆ ಈಗೊಮ್ಮೆ ಕೀರಲು ಸದ್ದು ಮಾಡಿ ಪಕ್ಕಕ್ಕೆ ಸರಿಯುತ್ತದೆ. ಗಾಯಕ ಜ್ಯಾಕ್ ಡೆ ಲಾ ರೋಚಾನ ಒಂದೊಂದು ಮಾತೂ ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತದೆ. ಕೊನೆಗೆ ನಾಲ್ವರೂ ಒಟ್ಟಿಗೆ ಮೇಲೆ ಬಿದ್ದಾಗ ಎದೆ ಝಲ್ಲೆನ್ನುವುದು ಅದಕ್ಕೇ.

ಇನ್ನು ಗಿಟಾರ್. ಸ್ಯಾಂಪಲ್ (ಬೇರೆ ರೆಕಾರ್ಡಿನಿಂದ ಎತ್ತಿದ ತುಣುಕು), ಕೀಬೋರ್ಡ್, ಸಿಂಥಸೈಜರ್ ಯಾವುದನ್ನೂ ಬಳಸಿಲ್ಲ ಅಂತ ಆಲ್ಬಂ ಜೊತೆಗಿನ ಹಾಳೆಯಲ್ಲಿ ಅಚ್ಚು ಹಾಕಿಸಿದ್ದರು. ಹಾಕಿಸದಿದ್ದರೆ ಯಾರು ನಂಬುತ್ತಿದ್ದರು? ಡಿಜೆ ರೆಕಾರ್ಡ್ ತಿಕ್ಕಿದ ಹಾಗೆ ಕೇಳಿಸುವುದೆಲ್ಲ ಟಾಮ್ ಮೊರೆಲೊನ ಗಿಟಾರೇ. ಉಪಾಯ ತೀರಾ ಸರಳ. ತಂತಿಯ ಸದ್ದು ಹಿಡಿಯುವ ಎರಡು ಪಿಕಪ್‌ನಲ್ಲಿ ಒಂದರ ವಾಲ್ಯೂಮ್ ಸೊನ್ನೆ, ಇನ್ನೊಂದರದ್ದು ಪೂರ್ತಿ. ಸ್ವಿಚ್ಚನ್ನು ಅತ್ತಿಂದಿತ್ತ ಟಕಟಕ ಆಡಿಸಿದರೆ ಸದ್ದು ತುಂಡುತುಂಡಾಗುತ್ತದೆ. ಜೊತೆಗೆ ಇನ್ನೊಂದು ಕೈಯಲ್ಲಿ ತಂತಿ ಉಜ್ಜಿದರೆ ಸ್ಕ್ರ್ಯಾಚ್ ರೆಡಿ! 'ಕಿಲ್ಲಿಂಗ್ ಇನ್ ದ ನೇಮ್' ಸೋಲೋದಲ್ಲಿ ವ್ಯಾಮಿ ಅನ್ನೋ ಪೆಡಲ್ ತುಳಿದು ಸ್ವರವನ್ನು ಎಲ್ಲೋ ಮೇಲಕ್ಕೆ ಹಾರಿಸುತ್ತಾನೆ. ಓದಿದ್ದು ಹಾರ್ವರ್ಡ್‌ನಲ್ಲಿ, ಅದೂ ಸಮಾಜ ವಿಜ್ಞಾನ (ಸೋಶಿಯಲ್ ಸ್ಟಡೀಸ್).

ಸಿಟ್ಟೂ ಸುಮ್ನೆ ಬಂದಿದ್ದಲ್ಲ. ಇವರು ಲಾಸ್ ಏಂಜಲಿಸ್‌ನವರು. 1991ರಲ್ಲಿ ಅಲ್ಲಿನ ಪೊಲೀಸರು ರಾಡ್ನಿ ಕಿಂಗ್ ಎಂಬ ಕಪ್ಪು ಮನುಷ್ಯನನ್ನು ರಸ್ತೆಯಲ್ಲೇ ಬಡಿದಿದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತ್ತು. ಮರುವರ್ಷ ಏಪ್ರಿಲ್‌ನಲ್ಲಿ ಆ ಪೊಲೀಸರಿಗೆ ಶಿಕ್ಷೆಯಾಗದೆ ಹೋದಾಗ ಊರಿಗೇ ಬೆಂಕಿ ಬಿತ್ತು. 'ಕಿಲ್ಲಿಂಗ್ ಇನ್ ದ ನೇಮ್' ಪೊಲೀಸರೊಳಗಿನ ಜನಾಂಗದ್ವೇಷದ ಬಗ್ಗೆಯೇ ಇರುವ ಹಾಡು. ಕೊನೆಯಲ್ಲಿ 'ನೀನು ಹೇಳಿದ್ದು ಮಾಡಲ್ಲ' ಅನ್ನುವ ಒಂದೇ ಸಾಲು 16 ಸಲ ಬರುತ್ತದೆ, ಬೈಗುಳದ ಸಮೇತ. ಮೊದಲು ಗೊಣಗಿದ ಹಾಗೆ, ಆಮೇಲೆ ಗಂಟಲು ಹರಿಯುವ ಹಾಗೆ. ಆಲ್ಬಂ ಮುಖಪುಟದಲ್ಲಿ ಇರುವುದು 1963ರಲ್ಲಿ ಮ್ಯಾಲ್ಕಮ್ ಬ್ರೌನ್ ಸೈಗಾನ್‌ನಲ್ಲಿ ತೆಗೆದ ಫೋಟೋ. ದಕ್ಷಿಣ ವಿಯೆಟ್ನಾಂ ಸರ್ಕಾರ ಬೌದ್ಧರಿಗೆ ಕೊಡುತ್ತಿದ್ದ ಕಿರುಕುಳವನ್ನು ವಿರೋಧಿಸಿ ಮೈಗೆ ಬೆಂಕಿ ಹಚ್ಚಿಕೊಂಡು ಕೂತ ಭಿಕ್ಷು.

ರ‍್ಯಾಪ್ ಜೊತೆ ಮೆಟಲ್ (ಅಬ್ಬರದ ಗಿಟಾರ್ ರಾಕ್) ಬೆರೆಸಿದವರಲ್ಲಿ ಇವರೇ ಮೊದಲಿಗರೇನಲ್ಲ. 1991ರಲ್ಲೇ ಮೆಟಲ್ ಬ್ಯಾಂಡ್ ಆಂತ್ರಾಕ್ಸ್ ಮತ್ತು ರ‍್ಯಾಪ್ ಗುಂಪು ಪಬ್ಲಿಕ್ ಎನಿಮಿ ಕೂಡಿ 'ಬ್ರಿಂಗ್ ದ ನಾಯ್ಸ್' ಮಾಡಿದ್ದರು. ಆದರೆ ಅದು ಎರಡು ಬ್ಯಾಂಡ್ ಒಂದು ಹಾಡಿಗೆ ಸೇರಿದ್ದು. ಒಂದೇ ಬ್ಯಾಂಡ್ ಇಡೀ ಆಲ್ಬಂ ಹೀಗೆ ಮಾಡಿ ಗೆದ್ದ ಮೇಲೆ ದಾರಿ ಸಲೀಸಾಯಿತು. ಲಿಂಕಿನ್ ಪಾರ್ಕ್, ಲಿಂಪ್ ಬಿಜ್ಕಿಟ್ ಎಲ್ಲ ಆ ದಾರಿಯಲ್ಲೇ ಬಂದವರು. ಅಬ್ಬರ ತಗೊಂಡರು, ರಾಜಕೀಯ ಅಲ್ಲೇ ಬಿಟ್ಟರು. ಲಿಂಪ್ ಬಿಜ್ಕಿಟ್‌ಗೆ ಕಾರಣರಾಗಿದ್ದಕ್ಕೆ ಕಾಮರ್‌ಫೋರ್ಡ್ 2015ರಲ್ಲಿ ಕ್ಷಮೆಯನ್ನೇ ಕೇಳಿದ! ನನಗೆ ಅದು ಸ್ವಲ್ಪ ಜಾಸ್ತಿ ಆಯ್ತು ಅನ್ನಿಸಿತು. ಆ ಬ್ಯಾಂಡಿನ ವೆಸ್ ಬೋರ್ಲಂಡ್ ಗಿಟಾರ್ ಚೆನ್ನಾಗೇ ನುಡಿಸುತ್ತಾನೆ.