ಹಾಂಗ್‌ಕಾಂಗ್‌ನಲ್ಲಿ ರಟ್ಟಿನ ಮೇಲೊಂದು ಭಾನುವಾರ

ಹಾಂಗ್‌ಕಾಂಗ್‌ನಲ್ಲಿ ಇಳಿದು ಒಂದು ಗಂಟೆಯೊಳಗೆ ನಾವು 330 ರೂಪಾಯಿ ಕಳೆದುಕೊಂಡೆವು. ಯಾರೂ ಕದಿಯಲಿಲ್ಲ. ನಾವೇ ನಮ್ಮ ಕೈಯಾರೆ ಬಸ್ಸಿನ ಡಬ್ಬಿಗೆ ಹಾಕಿದೆವು.

ವಿಮಾನ ನಿಲ್ದಾಣದಿಂದ ಊರೊಳಗೆ ಹೋಗುವ ಎ21 ಬಸ್ಸಿಗೆ ನನಗೂ ನನ್ನ ತಂಗಿಗೂ ಸೇರಿ ಸುಮಾರು 70 ಡಾಲರ್. ರೈಲು ಬೇಗ ಹೋಗುತ್ತದೆ, ಆದರೆ ಮೂರು ಪಟ್ಟು ದುಬಾರಿ. ನಮ್ಮ ಹತ್ತಿರ ಇದ್ದದ್ದು 100ರ ನೋಟು. ಅಲ್ಲಿ ಕಂಡಕ್ಟರ್ ಇಲ್ಲ, ಡ್ರೈವರ್ ಪಕ್ಕ ಒಂದು ಡಬ್ಬಿ ಇದೆ. ನೋಟು ಹಾಕಿ ಚಿಲ್ಲರೆಗೆ ಕೈ ಚಾಚಿದೆ. ಆತ ಡಬ್ಬಿಯ ಮೇಲಿದ್ದ ಬೋರ್ಡನ್ನು ತೋರಿಸಿ ಬಾಗಿಲು ಹಾಕಿದ. ಚಿಲ್ಲರೆ ಕೊಡುವ ಪದ್ಧತಿಯೇ ಇಲ್ಲವಂತೆ! "ನಮ್ಮ ಕಂಡಕ್ಟರ್ ಟಿಕೆಟ್ ಹಿಂದೆ ಬರೆದಾದ್ರೂ ಕೊಡ್ತಾನೆ ಅಲ್ವಾ ಅಕ್ಕ?" ಅಂದಳು ತಂಗಿ. ಒಂದು ಹಾಂಗ್‌ಕಾಂಗ್ ಡಾಲರ್ ಅಂದರೆ ಸುಮಾರು 11 ರೂಪಾಯಿ. ದಾರಿಯುದ್ದಕ್ಕೂ ಸಮುದ್ರ, ಸೇತುವೆ, ಬೆಟ್ಟ. ನನ್ನ ಕಣ್ಣೆದುರು ಆ 30 ಡಾಲರ್ ಬಿಟ್ಟು ಬೇರೇನೂ ಇರಲಿಲ್ಲ. ನೀವು ಹೋದರೆ ನಿಲ್ದಾಣದಲ್ಲೇ ಆಕ್ಟೋಪಸ್ ಕಾರ್ಡ್ ತೆಗೆದುಕೊಳ್ಳಿ. ಬಸ್ಸು, ಟ್ರಾಮು, ದೋಣಿ, ಅಂಗಡಿ ಎಲ್ಲದಕ್ಕೂ ಅದೇ ನಡೆಯುತ್ತದೆ. ನಮ್ಮಂತೆ ಎರಡನೇ ದಿನದವರೆಗೆ ಕಾಯಬೇಡಿ.

ಇಷ್ಟು ದುಬಾರಿ ಊರಿಗೆ ಯಾಕೆ ಹೋದಿರಿ ಅಂತ ಮೈಸೂರಿನಲ್ಲಿ ಎಲ್ಲರೂ ಕೇಳಿದರು. ಸುಮ್ನೆ, ವೀಸಾ ತಾಪತ್ರಯ ಇಲ್ಲ ಅಂತ. ಭಾರತೀಯರು ಹೊರಡುವ ಮೊದಲು ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಿದರೆ ಸಾಕು, ಅದೂ ಉಚಿತ. ಒಪ್ಪಿಗೆ ಸಿಕ್ಕರೆ 14 ದಿನ ಇರಬಹುದು. ನಾವು ಇದ್ದದ್ದು ನಾಲ್ಕೇ ದಿನ. ಅದರಲ್ಲಿ ನಾನು ಹೇಳಬೇಕು ಅಂದುಕೊಂಡಿರುವುದು ಒಂದು ಭಾನುವಾರದ ಬಗ್ಗೆ. ಆದರೂ ಚುಂಗ್‌ಕಿಂಗ್ ಮ್ಯಾನ್ಷನ್ಸ್ ದಾಟದೆ ಅಲ್ಲಿಗೆ ಬರಲು ಆಗುವುದಿಲ್ಲ.

ಕಡಿಮೆ ದುಡ್ಡಿನಲ್ಲಿ ಹಾಂಗ್‌ಕಾಂಗ್ ನೋಡುವವರು ಕೊನೆಗೆ ಬಂದು ಬೀಳುವುದು ಈ 17 ಮಹಡಿಯ ಕಟ್ಟಡಕ್ಕೆ. 1961ರದ್ದು. ಸುತ್ತ ಚಿನ್ನ, ವಾಚು, ಸೂಟುಗಳ ಹೊಳೆಯುವ ಅಂಗಡಿಗಳು, ನಡುವೆ ಇದು. ಕೆಳಗೆ ಸಮೋಸ, ಸಿಮ್ ಕಾರ್ಡು, ಹಣ ಬದಲಾಯಿಸುವ ಕೌಂಟರುಗಳು. ಬಾಗಿಲ ಬಳಿಯ ಕೌಂಟರಿನಲ್ಲಿ ಬದಲಾಯಿಸಬೇಡಿ, ಒಳಗೆ ಹೋದಷ್ಟೂ ರೇಟು ಚೆನ್ನಾಗಿರುತ್ತದೆ. ಮೇಲೆಲ್ಲ ಗೆಸ್ಟ್‌ಹೌಸ್‌ಗಳು. ಎ ಇಂದ ಇ ತನಕ ಐದು ಬ್ಲಾಕು, ಪ್ರತಿ ಬ್ಲಾಕಿಗೆ ಎರಡು ಪುಟ್ಟ ಲಿಫ್ಟು. ಒಂದು ಸಮ ಸಂಖ್ಯೆಯ ಮಹಡಿಗೆ, ಇನ್ನೊಂದು ಬೆಸ ಸಂಖ್ಯೆಯದಕ್ಕೆ. ಬೆಳಗ್ಗೆ ಹೊತ್ತು ಸೊಸೈಟಿ ಅಂಗಡಿ ಮುಂದಿನಂತೆ ಕ್ಯೂ.

ನಾವು ಬುಕ್ ಮಾಡಿದ್ದು 11ನೇ ಮಹಡಿ. ಅಲ್ಲಿದ್ದವನು ನಮ್ಮ ಕಾಗದ ನೋಡಿ, "ಬನ್ನಿ ಬನ್ನಿ" ಅಂತ ಕೆಳಗಿಳಿಸಿ, ಇನ್ನೊಂದು ಬ್ಲಾಕಿನ 14ನೇ ಮಹಡಿಗೆ ಕರೆದುಕೊಂಡು ಹೋದ. ಫೋಟೊದಲ್ಲಿದ್ದ ಕಿಟಕಿ ಅಲ್ಲಿ ಇರಲಿಲ್ಲ. ರಾತ್ರಿಗೆ 420 ಡಾಲರ್ ಕೊಟ್ಟ ಆ ಕೋಣೆಯಲ್ಲಿ ಒಬ್ಬರು ಸೂಟ್‌ಕೇಸ್ ತೆರೆದರೆ ಇನ್ನೊಬ್ಬರು ಮಂಚ ಹತ್ತಬೇಕು. ಬಚ್ಚಲಲ್ಲಿ ಷವರ್ ಇದ್ದದ್ದು ಕಮೋಡಿನ ನೆತ್ತಿಯ ಮೇಲೆ. ಬುಕ್ ಮಾಡಿದ ಕೋಣೆಯನ್ನೇ ತೋರಿಸುವ ತನಕ ಪೂರ್ತಿ ದುಡ್ಡು ಕೊಡಬೇಡಿ. ನಾನು ಮೊದಲೇ ಕೊಟ್ಟಿದ್ದೆ, ಬಾಯಿ ಮುಚ್ಚಿಕೊಂಡೆ.

ಎರಡನೇ ದಿನ ಲಂಟಾವ್ ದ್ವೀಪದ ದೊಡ್ಡ ಬುದ್ಧ. 268 ಮೆಟ್ಟಿಲು. ಚಾಮುಂಡಿ ಬೆಟ್ಟ ಹತ್ತಿದವರಿಗೆ ಅದೇನೂ ಅಲ್ಲ. ಮಾರ್ಚ್ ತಿಂಗಳ ಮಂಜಿನಲ್ಲಿ ನಮಗೆ ದರ್ಶನ ಸಿಕ್ಕಿದ್ದು ಬುದ್ಧನ ಮೊಣಕಾಲಿನವರೆಗೆ. ಅವತ್ತು ರಾತ್ರಿ ಬಂದರಿನ ಎದುರು ಎಂಟು ಗಂಟೆಯ ಲೇಸರ್ ಶೋ. ಅದನ್ನು ಯಾಕೆ ಅಷ್ಟು ಹೊಗಳುತ್ತಾರೋ ಗೊತ್ತಾಗಲಿಲ್ಲ. ನಾಲ್ಕು ಹಸಿರು ಗೆರೆ ಆಕಾಶದಲ್ಲಿ ಅತ್ತಿಂದಿತ್ತ ಓಡಿದವು, ಮುಗಿಯಿತು. ಭಾನುವಾರ ಸಂಜೆ ಏಳಕ್ಕೆ ನಮ್ಮ ಅರಮನೆಯ ದೀಪಗಳು ಒಮ್ಮೆಲೇ ಹತ್ತುವಾಗ ಬರುವ ಆ "ಓ" ಅನ್ನುವ ಉದ್ಗಾರ ಇಲ್ಲಿ ಯಾರ ಬಾಯಿಂದಲೂ ಬರಲಿಲ್ಲ. ಊಟಕ್ಕೆ ವಾನ್‌ಚಾಯ್‌ನ ಗುರುದ್ವಾರ ಇದೆ ಅಂತ ಗೊತ್ತಾದ ಮೇಲೆ ಬದುಕಿದೆವು. ರೊಟ್ಟಿ, ದಾಲು, ಯಾರಿಗಾದರೂ ಉಚಿತ. ಎರಡು ಸಲ ಹೋದೆವು, ಎರಡನೇ ಸಲ ತಟ್ಟೆ ತೊಳೆಯಲು ನಿಂತೆವು.

ಮೂರನೇ ದಿನ ಭಾನುವಾರ. ಸ್ಟಾರ್ ಫೆರಿ ಹಿಡಿದು ಆಚೆ ದಡದ ಸೆಂಟ್ರಲ್‌ಗೆ ಹೊರಟೆವು. ಐದಾರು ಡಾಲರಿಗೆ ಇಷ್ಟು ಚೆಂದದ ಹತ್ತು ನಿಮಿಷ ಆ ಊರಲ್ಲಿ ಬೇರೆಲ್ಲೂ ಸಿಗುವುದಿಲ್ಲ. ಈ ದೋಣಿ ಸೇವೆಯನ್ನು 1888ರಲ್ಲಿ ಶುರು ಮಾಡಿದ್ದು ಡೊರಾಬ್ಜಿ ನವರೋಜಿ ಮಿಠಾಯಿವಾಲಾ ಎಂಬ ಪಾರ್ಸಿ. "ಮಿಠಾಯಿವಾಲಾ!" ಅಂತ ತಂಗಿ ನಕ್ಕಿದ್ದೇ ನಕ್ಕಿದ್ದು.

ಸೆಂಟ್ರಲ್ ಅಂದರೆ ಬ್ಯಾಂಕುಗಳ ಬೀದಿ. ರಜೆ ದಿನ ಖಾಲಿ ಇರುತ್ತದೆ, ಕಟ್ಟಡಗಳ ಫೋಟೊ ತೆಗೆಯೋಣ ಅಂದುಕೊಂಡಿದ್ದೆವು. ದಡ ಹತ್ತಿ ಸ್ವಲ್ಪ ನಡೆದರೆ ಜಾತ್ರೆಯ ಸದ್ದು. ಸಾವಿರಾರು ಹೆಂಗಸರು. ಚೇಟರ್ ರೋಡಿಗೆ ಭಾನುವಾರ ಗಾಡಿ ಬಿಡುವುದಿಲ್ಲ, ಡಾಂಬರಿನ ಮೇಲೆಲ್ಲ ಕೂತಿದ್ದಾರೆ. ಮೇಲ್ಸೇತುವೆಯ ಮೇಲೆ, ಮೆಟ್ಟಿಲ ಮೇಲೆ, ದುಬಾರಿ ಬ್ಯಾಗಿನ ಅಂಗಡಿಗಳ ಮುಚ್ಚಿದ ಬಾಗಿಲ ಮುಂದೆ. ಎಚ್‌ಎಸ್‌ಬಿಸಿ ಬ್ಯಾಂಕಿನ ಕಟ್ಟಡದ ತಳ ಪೂರ್ತಿ ಖಾಲಿ ಬಯಲು, ಮೇಲೆ ಗಾಜಿನ ಹೊಟ್ಟೆ. ಅದರಡಿ ರಟ್ಟಿನ ಪೆಟ್ಟಿಗೆ ಬಿಚ್ಚಿ ಹಾಸಿ, ಸುತ್ತ ಮೊಣಕಾಲೆತ್ತರದ ಗೋಡೆಯನ್ನೂ ರಟ್ಟಿನಲ್ಲೇ ಕಟ್ಟಿ, ಚಪ್ಪಲಿ ಹೊರಗೆ ಬಿಟ್ಟು ಕೂತಿದ್ದಾರೆ. ಒಬ್ಬಳು ಇನ್ನೊಬ್ಬಳ ಉಗುರಿಗೆ ಬಣ್ಣ ಹಾಕುತ್ತಿದ್ದಾಳೆ. ಇಸ್ಪೀಟು, ಪ್ರಾರ್ಥನೆ, ಡಾನ್ಸ್ ಪ್ರಾಕ್ಟೀಸು, ಫೋನಿನಲ್ಲಿ ಮಕ್ಕಳ ಮುಖ.

ಏನೋ ಪ್ರತಿಭಟನೆ ಇರಬೇಕು ಅಂದುಕೊಂಡೆ. ನಾನು ಬಾಯಿ ತೆರೆದು ನಿಂತದ್ದನ್ನು ನೋಡಿ ಒಂದು ಗುಂಪಿನವರು ನಕ್ಕು ಜಾಗ ಮಾಡಿದರು. "ಕೂತ್ಕೊಳ್ಳಿ ಮ್ಯಾಮ್, ಫೋಟೊ ಮಾತ್ರ ಬೇಡ." ಚಪ್ಪಲಿ ಬಿಟ್ಟು ಕೂತೆವು. ಎಲ್ಲರೂ ಒಬ್ಬ ಹಿರಿಯ ಹೆಂಗಸನ್ನು "ಆತೆ, ಆತೆ" ಅನ್ನುತ್ತಿದ್ದರು. ತಂಗಿ ಪಿಸುಗುಟ್ಟಿದಳು, "ಅಕ್ಕ, ಇವರೆಲ್ಲ ಒಂದೇ ಮನೆಯ ಸೊಸೆಯಂದಿರಾ?" ಆಮೇಲೆ ಕೇಳಿದರೆ, ಫಿಲಿಪ್ಪೀನ್ಸ್‌ನವರ ಮಾತಿನಲ್ಲಿ ಆತೆ ಅಂದರೆ ಅಕ್ಕ. ನಮ್ಮಲ್ಲಿ ಅತ್ತೆ ಅಂದರೆ ಏನು ಅಂತ ವಿವರಿಸಿದೆ. ಆ ಗುಂಪು ಐದು ನಿಮಿಷ ನಕ್ಕಿತು. ಅಲ್ಲಿಂದ ಮುಂದೆ ನಾವೂ ಅವರನ್ನು ಆತೆ ಅಂತಲೇ ಕರೆದೆವು.

ಇವರೆಲ್ಲ ಬೇರೆ ದೇಶದಿಂದ ಮನೆಗೆಲಸಕ್ಕೆ ಬಂದವರು. ಇಂಥವರು ಆ ಊರಲ್ಲಿ 3 ಲಕ್ಷಕ್ಕೂ ಜಾಸ್ತಿ ಇದ್ದಾರೆ. ಹೆಚ್ಚಿನವರು ಫಿಲಿಪ್ಪೀನ್ಸ್, ಇಂಡೊನೇಷ್ಯಾದವರು. ಯಜಮಾನರ ಮನೆಯಲ್ಲೇ ಉಳಿಯಬೇಕು ಅಂತ ಕಾನೂನು. ಸಂಬಳ ತಿಂಗಳಿಗೆ ಕನಿಷ್ಠ 5,000 ಡಾಲರಿನ ಆಸುಪಾಸು. ನಮ್ಮ ಆ ಕಿಟಕಿಯಿಲ್ಲದ ಕೋಣೆಯ ಹನ್ನೆರಡು ರಾತ್ರಿಯ ಬಾಡಿಗೆ. ವಾರಕ್ಕೆ ಒಂದು ದಿನ ರಜೆ. ಆ ದಿನ ಮನೆಯಲ್ಲೇ ಇದ್ದರೆ ಯಾರಾದರೂ ಒಂದು ಲೋಟ ನೀರು ಕೇಳಿಯೇ ಕೇಳುತ್ತಾರೆ. ಅದಕ್ಕೇ ಎಲ್ಲರೂ ಹೊರಗೆ. ಕಾಫಿ ಅಂಗಡಿಯಲ್ಲಿ ಕೂರಲು ಕಾಸು ಬೇಕು, ರಸ್ತೆಗೆ ಬೇಡ.

ಡಬ್ಬಿಗಳು ತೆರೆದವು. ನಾವು ಸಸ್ಯಾಹಾರಿಗಳು ಅಂದೆ. ಈ ಮಾತು ಹೇಳಿದಾಗೆಲ್ಲ ಆ ಊರಲ್ಲಿ "ಹಾಗಾದ್ರೆ ಮೀನು?" ಅನ್ನುತ್ತಿದ್ದರು. ಆತೆ ಕೇಳಿದ್ದೇ ಬೇರೆ.

"ಈರುಳ್ಳಿ ತಿಂತೀರಾ?"

"ತಿಂತೀವಿ."

"ಬೆಳ್ಳುಳ್ಳಿ? ಆಲೂಗಡ್ಡೆ? ಕ್ಯಾರೆಟ್?"

ನನಗೆ ಆಶ್ಚರ್ಯ. ಒಂಬತ್ತು ವರ್ಷದಿಂದ ಅವರು ಕೆಲಸ ಮಾಡುತ್ತಿರುವುದು ಗುಜರಾತಿನ ಜೈನರ ಮನೆಯಲ್ಲಂತೆ, ವಜ್ರದ ವ್ಯಾಪಾರಿಗಳು. ಮಣ್ಣಿನೊಳಗೆ ಬೆಳೆದದ್ದು ಯಾವುದೂ ಆಗದು, ಪರ್ಯೂಷಣ ಹಬ್ಬದಲ್ಲಿ ಹಸಿರು ತರಕಾರಿಯೂ ಬೇಡ, ನೀರು ಕಾಯಿಸಿಯೇ ಕುಡಿಯಬೇಕು ಅಂತ ಬೆರಳು ಮಡಚಿ ಮಡಚಿ ಹೇಳಿದರು. ನನಗೇ ಅಷ್ಟೆಲ್ಲ ಗೊತ್ತಿರಲಿಲ್ಲ.

"ಕಷ್ಟ ಅಲ್ವಾ?" ಅಂದೆ.

"ಒಳ್ಳೇ ಮನೆ. ಸೂರ್ಯ ಮುಳುಗೋದ್ರೊಳಗೆ ಊಟ ಮುಗಿಯತ್ತೆ. ಎಂಟು ಗಂಟೆಗೆ ನನ್ನ ಸಿಂಕ್ ಖಾಲಿ. ಇವಳನ್ನ ಕೇಳಿ," ಅಂತ ಪಕ್ಕದವಳನ್ನು ತೋರಿಸಿದರು. "ಇವಳ ಮನೇಲಿ ರಾತ್ರಿ ಹನ್ನೊಂದಕ್ಕೆ ಸೂಪ್ ಕುಡೀತಾರೆ."

ಪಕ್ಕದವಳು ಹಣೆ ಚಚ್ಚಿಕೊಂಡಳು.

ಆಮೇಲೆ ಆತೆ ಬಾಳೆಎಲೆ ಹಾಸಿದ್ದ ಡಬ್ಬಿಯಿಂದ ಒಂದು ತುಂಡು ಕೊಟ್ಟರು. ಬೀಕೊ ಅಂತ ಹೆಸರು. ಅಂಟಕ್ಕಿ, ತೆಂಗಿನ ಹಾಲು, ಕಂದು ಸಕ್ಕರೆ. ಬಾಯಿಗಿಟ್ಟರೆ ಏಲಕ್ಕಿ ಮರೆತ ಕಾಯಿಹಾಲಿನ ಹುಗ್ಗಿ! ತಂಗಿ ಎರಡನೇ ತುಂಡನ್ನು ಕೇಳಿ ತಿಂದಳು, ನಾಚಿಕೆಯಿಲ್ಲದೆ.

ಇಲ್ಲಿಗೆ ಬಂದಾಗ ಅವರ ಮಗನಿಗೆ ಮೂರು ವರ್ಷ, ಈಗ ಹದಿನಾಲ್ಕು. "ಹನ್ನೊಂದು ವರ್ಷ ಆಯ್ತಲ್ಲ, ಇಲ್ಲೇ ಕಾಯಂ ಇರಬಹುದಾ?" ಅಂತ ದಡ್ಡಿಯ ಹಾಗೆ ಕೇಳಿದೆ. ಬೇರೆ ಕೆಲಸಕ್ಕೆ ಬಂದವರು ಏಳು ವರ್ಷ ಕಳೆದ ಮೇಲೆ ಅರ್ಜಿ ಹಾಕಬಹುದು. ಮನೆಗೆಲಸದವರ ವರ್ಷಗಳು ಆ ಲೆಕ್ಕಕ್ಕೆ ಬರುವುದಿಲ್ಲ, 2013ರಲ್ಲಿ ಅಲ್ಲಿನ ದೊಡ್ಡ ಕೋರ್ಟೂ ಅದನ್ನೇ ಹೇಳಿದೆ. ಆತೆ ಬೇಸರವೇನೂ ತೋರಿಸಲಿಲ್ಲ. "ಎರಡು ವರ್ಷ, ಎರಡು ವರ್ಷ, ಎರಡು ವರ್ಷ," ಅಂದರು, ಕಾಂಟ್ರಾಕ್ಟಿನ ಲೆಕ್ಕ. ಅಷ್ಟೇ ಹೇಳಿ ಮಾತು ನಮ್ಮ ಕಡೆ ತಿರುಗಿಸಿದರು.

"ರೂಮಿಗೆ ಎಷ್ಟು ಕೊಟ್ರಿ?"

ಹೇಳಿದೆ. ಗುಂಪಿನಲ್ಲಿ ಎಲ್ಲರೂ ತಲೆ ಮೇಲೆ ಕೈ ಇಟ್ಟುಕೊಂಡರು. ಬಸ್ಸಿನ ಡಬ್ಬಿಯ ಕಥೆಗೂ ಹಾಗೇ. ಫೆರಿಯಲ್ಲಿ ಮೇಲಿನ ಅಂತಸ್ತಿನಲ್ಲಿ ಯಾಕೆ ಬಂದಿರಿ, ಕೆಳಗಿನದು ಅಗ್ಗ, ನೀರೂ ಹತ್ತಿರ ಅಂತ ಬೈದರು. ಪೀಕ್ ಬೆಟ್ಟಕ್ಕೆ ಟ್ರಾಮಿನ ಕ್ಯೂನಲ್ಲಿ ನಿಲ್ಲಬೇಡಿ, 15ನೇ ನಂಬರಿನ ಬಸ್ಸು ಹಿಡಿದು ಹೋಗಿ, ಮೇಲೆ ಲುಗಾರ್ಡ್ ರೋಡಿನಲ್ಲಿ ನಡೆದರೆ ಕಾಸಿಲ್ಲದೆ ಇಡೀ ಊರು ಕಾಣುತ್ತೆ ಅಂದರು. ಮಾರನೇ ದಿನ ಹಾಗೇ ಮಾಡಿದೆವು. ಅದು ನಿಜ.

ಒಂದು ಗಂಟೆ ಕೂರೋಣ ಅಂದುಕೊಂಡವರು ಸಂಜೆಯವರೆಗೂ ಕೂತೆವು. ನೋಡಬೇಕು ಅಂತ ಬರೆದುಕೊಂಡಿದ್ದ ಮ್ಯೂಸಿಯಂ ಹಾಗೇ ಉಳಿಯಿತು.

ಏಳು ಗಂಟೆ ಹೊತ್ತಿಗೆ ಬಯಲು ಕರಗತೊಡಗಿತು. ಡಬ್ಬಿಗಳು ಚೀಲ ಸೇರಿದವು. ಆತೆ ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿದರು, ರಜೆ ದಿನವೂ. ಒಬ್ಬ ಚೀನೀ ಅಜ್ಜಿ ತಳ್ಳುಗಾಡಿ ಹಿಡಿದು ಆಗಿನಿಂದ ಕಂಬದ ಪಕ್ಕ ಕಾಯುತ್ತಿದ್ದಳು, ಬೆನ್ನು ಬಾಗಿ ಗಾಡಿಗಿಂತ ಗಿಡ್ಡ ಆಗಿದ್ದಾಳೆ. ರಟ್ಟನ್ನು ತೂಕಕ್ಕೆ ಮಾರುವವಳು. ಆತೆ ನಮ್ಮಿಬ್ಬರನ್ನು ಏಳಿಸಿ, ನಾವು ಕೂತಿದ್ದ ರಟ್ಟನ್ನೂ ಮಡಚಿ, ಹಗ್ಗ ಕಟ್ಟಿ ಅವಳ ಗಾಡಿಗೆ ಹಾಕಿದರು. ಇಬ್ಬರೂ ಒಬ್ಬರಿಗೊಬ್ಬರು ಏನೂ ಮಾತಾಡಲಿಲ್ಲ, ಅಜ್ಜಿ ಬರೀ ತಲೆಯಾಡಿಸಿದಳು. ಆತೆ ನಮಗೆ ಕೈ ಬೀಸಿ ಮೆಟ್ರೊ ಮೆಟ್ಟಿಲು ಇಳಿದರು.

ನಾವು ದೋಣಿಗೆ ಹೊರಟೆವು. ಕೆಳಗಿನ ಅಂತಸ್ತು.